ದಿನ ಬಿಟ್ಟು ದಿನ

ಸೆಬಾಸ್ಟ್ಯನ್ ರಬ್ಬರ್ ಹಾಲಿನ ಬಕೆಟನ್ನು ಅಂಗಳದಲ್ಲಿ ಕುಕ್ಕಿದ ಸದ್ದಿನಲ್ಲೇ ನನಗೆ ವಿಷಯ ಗೊತ್ತಾಯಿತು. ಅಪ್ಪಚ್ಚನ್ ಕೆಳಗಿನ ತೋಟವನ್ನು ಮತ್ತೆ ಕೆತ್ತಿದ್ದರು. ನಿನ್ನೆ ಕೆತ್ತಿದ್ದನ್ನೇ ಇವತ್ತೂ.

ಅಪ್ಪಚ್ಚನ್ ಎಂದರೆ ನನ್ನ ಮಾವ ಉಲಹನ್ನಾನ್. ಕೇರಳದ ಪಾಲಾ ಕಡೆಯಿಂದ ಹೆಂಡತಿ ರೋಸಮ್ಮನನ್ನು ಕರೆದುಕೊಂಡು ಇಚ್ಲಂಪಾಡಿಗೆ ಬಂದು, ಗುಡ್ಡದ ಮುಳ್ಳು ಸವರಿ ರಬ್ಬರ್ ನೆಟ್ಟವರು. ಸೆಬಾಸ್ಟ್ಯನ್ ಅವರ ಕಿರಿಯ ಮಗ, ನನ್ನ ಗಂಡ. ನಾನು ಆಲೀಸ್, ಊರಿನ ಪ್ರೈಮರಿ ಶಾಲೆಯಲ್ಲಿ ಟೀಚರ್. ಮನೆಯೊಳಗೆ ನಮ್ಮದು ಮಲಯಾಳ, ರಸ್ತೆಗೆ ಇಳಿದರೆ ತುಳು, ಶಾಲೆಯಲ್ಲಿ ಕನ್ನಡ. ಸಿಟ್ಟು ಬಂದರೆ ಮೂರೂ ಒಟ್ಟಿಗೆ. ಸಿಟ್ಟು ನನಗೆ ಬೇಗ ಬರುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ರಬ್ಬರ್ ಕಾಣದವರಿಗೆ ಒಂದು ಮಾತು ಹೇಳಬೇಕು. ಮರದ ತೊಗಟೆಯಲ್ಲಿ ಓರೆಯಾಗಿ ತೆಳ್ಳಗೆ ಒಂದು ಗೆರೆ ಕೆತ್ತಿದರೆ ಹಾಲು ಇಳಿದು ಕೆಳಗೆ ಕಟ್ಟಿದ ತೆಂಗಿನ ಗೆರಟೆಗೆ ಬೀಳುತ್ತದೆ. ಇವತ್ತು ಕೆತ್ತಿದ ಮರಕ್ಕೆ ನಾಳೆ ರಜೆ. ನಾಡಿದ್ದು ಮತ್ತೆ ಕೆತ್ತುವುದು. ಆಸೆಬುರುಕರು ದಿನವೂ ಕೆತ್ತಿದರೆ ಮೊದಮೊದಲು ಹಾಲು ಧಾರಾಳವಾಗಿ ಬರುತ್ತದೆ, ಆಮೇಲೆ ಗೆರೆ ಕಂದು ಬಣ್ಣಕ್ಕೆ ತಿರುಗಿ ಒಣಗಿಬಿಡುತ್ತದೆ. ಅಂಥ ಮರ ಸೌದೆಗೆ ಮಾತ್ರ. ಅದಕ್ಕೇ ನಮ್ಮಲ್ಲಿ ತೋಟವನ್ನು ಎರಡು ಪಾಲು ಮಾಡಿ ಒಂದು ದಿನ ಕೆಳಗಿನದು, ಒಂದು ದಿನ ಮೇಲಿನದು ಕೆತ್ತುತ್ತೇವೆ. ಸುತ್ತಲಿನ ಗೌಡರಿಗೆ, ಬ್ಯಾರಿಗಳಿಗೆ, ಭಟ್ಟರಿಗೆ ಈ ನಿಯಮವನ್ನು ಕಲಿಸಿದವರೇ ಅಪ್ಪಚ್ಚನ್. ದಿನವೂ ಕೆತ್ತುವವನನ್ನು ಕಂಡರೆ ಕತ್ತಿ ಕಿತ್ತುಕೊಂಡು ಬೈಯುತ್ತಿದ್ದ ಮನುಷ್ಯ ಈಗ ನಿನ್ನೆಯ ನೆನಪಿಲ್ಲದೆ ತಾನೇ ನೆಟ್ಟ ಮರಗಳನ್ನು ದಿನವೂ ಕೆತ್ತಿ ಕೊಲ್ಲುತ್ತಿದ್ದರು. ಮೇಲಿನ ತೋಟ ಎಂಬುದೊಂದು ಉಂಟು ಎನ್ನುವುದೇ ಅವರ ತಲೆಯಿಂದ ಜಾರಿಹೋಗಿತ್ತು.

ಒಮ್ಮೆ ಟ್ಯಾಪಿಂಗ್ ಕತ್ತಿಯನ್ನು ಅಡಗಿಸಿಟ್ಟು ನೋಡಿದ್ದೆವು. ಮೀನು ಕೊಯ್ಯುವ ಕತ್ತಿ ಹಿಡಿದುಕೊಂಡು ಹೋಗಿ ಮರದ ಒಳಗಿನ ಬಿಳಿ ಕಾಣುವವರೆಗೆ ಕೆತ್ತಿ ಬಂದರು. ಅದನ್ನೂ ಅಡಗಿಸಿದಾಗ ಜಗಲಿಯ ಮೂಲೆಯಲ್ಲಿ ಕೂತು ಗಂಜಿಯನ್ನೇ ಮುಟ್ಟಲಿಲ್ಲ. ಯಾರು ಮಾತಾಡಿಸಿದರೂ ತನ್ನ ಎರಡು ಅಂಗೈ ತೋರಿಸುತ್ತಿದ್ದರು, ಅಷ್ಟೆ. ಕೊನೆಗೆ ಅಮ್ಮಚ್ಚಿಯೇ, ಅಂದರೆ ನನ್ನ ಅತ್ತೆ ರೋಸಮ್ಮನೇ, ಕತ್ತಿಯನ್ನು ತಂದು ಆ ಕೈಗೆ ಕೊಟ್ಟರು.

ಆ ಬೆಳಿಗ್ಗೆ ಸೆಬಾಸ್ಟ್ಯನ್ ಬಕೆಟಿನ ಹತ್ತಿರವೇ ನಿಂತು ಹೇಳಿದ, "ಅಮ್ಮಚ್ಚೀ, ಕ್ರಿಸ್ಮಸ್ ವರೆಗೆ ನೋಡುದು. ಹೀಗೇ ಆದ್ರೆ ಕೆಳಗಿನ ತೋಟವನ್ನು ಮರದ ವ್ಯಾಪಾರಿಗೆ ಕೊಟ್ಟುಬಿಡುದು. ಒಣಗಿದ ಮೇಲೆ ಯಾರೂ ಕೇಳುದಿಲ್ಲ."

"ಮರ ಹೋದ್ರೆ ಅವರು ಎಂತ ಮಾಡುದು?" ಅಮ್ಮಚ್ಚಿ ಕೇಳಿದರು.

ಸೆಬಾಸ್ಟ್ಯನ್ ಬಕೆಟ್ ಎತ್ತಿಕೊಂಡು ಮನೆಯ ಹಿಂದಕ್ಕೆ ಹೋದ. ಅವನಿಗೂ ಹೊಟ್ಟೆ ಉರಿಯುತ್ತಿತ್ತು. ಅವನ ಉರಿ ಮೌನದ್ದು, ನನ್ನದು ಬಾಯಿಯದ್ದು. ನಾನು ಅದೇ ದಿನ ಶಾಲೆಗೆ ರಜೆ ಹಾಕಿ ಅಲಿ ಕುಂಞಿಯ ಜೀಪು ಕರೆಸಿದೆ.

ಅಲಿ ಕುಂಞಿ ನೆಲ್ಯಾಡಿಯಲ್ಲಿ ಬಾಡಿಗೆ ಜೀಪು ಓಡಿಸುವವನು. ಅಪ್ಪಚ್ಚನ್ ಎಂದರೆ ಅವನಿಗೆ ಜೀವ. ಪುತ್ತೂರಿನಲ್ಲಿ ಹೊಸ ಡಾಕ್ಟರು ಬಂದಿದ್ದಾರೆ, ಯಜ್ಞೇಶ್ವರ ಭಟ್ಟರು ಎಂದು ಹೆಸರು, ಅರ್ಧ ಗಂಟೆ ಪ್ರಶ್ನೆ ಕೇಳಿ ಆಮೇಲೆ ನಾಡಿ ಹಿಡಿಯುತ್ತಾರೆ ಎಂದು ಹೇಳಿದವನು ಅವನೇ. ಅದುವರೆಗೆ ನಾವು ಕೇಳಿದ್ದು ಒಂದೇ ಮಾತು: ವಯಸ್ಸಾಯಿತು, ಇನ್ನು ಹೀಗೇ. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಪರಚಿಕೊಳ್ಳುವ ಹಾಗೆ ಆಗುತ್ತಿತ್ತು. ಅಪ್ಪಚ್ಚನ್‌ಗಿಂತ ಹಿರಿಯರು ಪಂಜದಲ್ಲಿ, ಗುತ್ತಿಗಾರಿನಲ್ಲಿ ಅಡಿಕೆ ಮರ ಹತ್ತುತ್ತಿದ್ದರು.

ಡಾಕ್ಟರು ನಿಜಕ್ಕೂ ಪ್ರಶ್ನೆ ಕೇಳಿದರು. ಚಿಕ್ಕ ಪ್ರಾಯ, ದೊಡ್ಡ ಕನ್ನಡಕ, ಕೂತಲ್ಲಿ ಕೂರಲಾಗದ ಮನುಷ್ಯ.

"ಮರೆವು ಹೇಗೆ ಬಂತು? ನಿಧಾನಕ್ಕಾ, ಒಮ್ಮೆಲೆ?"

ನಾನು ನೆನಪು ಮಾಡಿಕೊಂಡು ಹೇಳಿದೆ. ಕಳೆದ ವರ್ಷ ಇಗರ್ಜಿಯ ಹಬ್ಬದ ಮರುದಿನ ಎದ್ದವರಿಗೆ ಅಂಗಿಯ ಗುಂಡಿ ಹಾಕಲು ಗೊತ್ತಾಗಲಿಲ್ಲ. ಮಾತು ಸ್ವಲ್ಪ ತೊದಲಿತು. ಒಂದೆರಡು ವಾರದಲ್ಲಿ ಸರಿಯಾದರು, ಆದರೆ ಮೊದಲಿನಷ್ಟು ಆಗಲಿಲ್ಲ. ಆಮೇಲೆ ಎಷ್ಟೋ ತಿಂಗಳು ಇದ್ದ ಹಾಗೇ ಇದ್ದರು. ಈ ಸಲ ರಬ್ಬರ್ ಎಲೆ ಉದುರುವ ಕಾಲದಲ್ಲಿ, ಜನವರಿಯ ಹೊತ್ತಿಗೆ, ಮತ್ತೊಮ್ಮೆ, ಒಂದೇ ರಾತ್ರಿಯಲ್ಲಿ, ಮೇಲಿನ ತೋಟ ತಲೆಯಿಂದ ಹೋಯಿತು.

ಡಾಕ್ಟರು ಎದ್ದೇ ನಿಂತರು. "ಕೇಳಿ ಟೀಚರೇ. ಬರೇ ವಯಸ್ಸಿನ ಮರೆವು ಇಳಿಜಾರಿನ ಹಾಗೆ ಬರ್ತದೆ. ಇವರದ್ದು ಮೆಟ್ಟಿಲಿನ ಹಾಗೆ. ತಲೆಯೊಳಗಿನ ಸಣ್ಣ ಸಣ್ಣ ರಕ್ತನಾಳ ಒಂದೊಂದಾಗಿ ಕಟ್ಟಿಕೊಳ್ತಾ ಉಂಟು. ಒಂದು ಕಟ್ಟಿಕೊಂಡಾಗ ಒಂದು ಮೆಟ್ಟಿಲು ಕೆಳಗೆ. ಪ್ರೆಶರ್ ನೋಡಿ ಎಷ್ಟುಂಟು, ಇಷ್ಟು ದಿನ ಇದನ್ನು ಯಾರೂ ನೋಡಲೇ ಇಲ್ವಾ?"

"ಹೋದದ್ದು ವಾಪಸು ಬರ್ತದಾ?" ಸೆಬಾಸ್ಟ್ಯನ್ ಕೇಳಿದ.

"ಅದನ್ನು ಹೇಳ್ಲಿಕ್ಕೆ ನಾನು ಜ್ಯೋತಿಷಿ ಅಲ್ಲ ಮಾರಾಯ್ರೆ. ಆದ್ರೆ ಮುಂದಿನ ಮೆಟ್ಟಿಲು ಇಳಿಯದ ಹಾಗೆ ನೋಡಿಕೊಳ್ಳಬಹುದು. ಪ್ರೆಶರ್ ಹತೋಟಿಗೆ ಬಂದ ಮೇಲೆ ಸ್ವಲ್ಪ ಮೇಲೆ ಹತ್ತಿದವರೂ ಉಂಟು ಅಂತ ಈಗ ಬರೀತಿದ್ದಾರೆ."

ಸೆಬಾಸ್ಟ್ಯನ್‌ಗೆ ಕೊಟ್ಟಾಯಂ ಕಡೆಯ ನೆಂಟರೊಬ್ಬರು ನೆನಪಿನ ಶಕ್ತಿಗೆಂದು ದುಬಾರಿ ಮಾತ್ರೆ ಹೇಳಿದ್ದರು. ಅದನ್ನು ಕೇಳಿದಾಗ ಡಾಕ್ಟರು ತಲೆ ತುರಿಸಿಕೊಂಡರು. "ನಾನೂ ಕೆಲವರಿಗೆ ಬರೆದು ಕೊಟ್ಟಿದ್ದೇನೆ. ದೊಡ್ಡ ಗುಣ ಎಂತದೂ ಕಾಣಲಿಲ್ಲ. ಇವರಿಗೆ ಬೇಕಾದ್ದು ಪ್ರೆಶರಿನ ಮಾತ್ರೆ, ದಿನಕ್ಕೆ ಒಂದು. ಜೊತೆಗೆ ರಕ್ತ ಕಟ್ಟದ ಹಾಗೆ ಆಸ್ಪಿರಿನ್, ಒಂದು ಚೂರು. ಬೀಡಿ ಬಂದ್. ಉಪ್ಪು ಕಡಿಮೆ. ಇಷ್ಟೇ."

ಇಷ್ಟೇ. ಆ ಸಣ್ಣ ಪೊಟ್ಟಣವನ್ನು ಹಿಡಿದುಕೊಂಡು ನಾನು ಉಪ್ಪಿನಂಗಡಿಯವರೆಗೆ ಬಾಯಿ ಮುಚ್ಚಲಿಲ್ಲ. ಒಂದು ಕಾಯಿಲೆಗೆ ಹೆಸರು ಸಿಕ್ಕಿದರೆ ಅರ್ಧ ಗುಣವಾದಷ್ಟು ಖುಷಿ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಪ್ಪಚ್ಚನ್ ಮುಂದಿನ ಸೀಟಿನಲ್ಲಿ ಕೂತು, ದಾರಿಯ ಎಲ್ಲ ರಬ್ಬರ್ ತೋಟಗಳ ಟ್ಯಾಪಿಂಗ್ ಹೇಗಿದೆ ಎಂದು ಅಲಿ ಕುಂಞಿಗೆ ಹೇಳುತ್ತಿದ್ದರು. ಒಂದನ್ನೂ ತಪ್ಪು ಹೇಳಲಿಲ್ಲ. ಮನೆಗೆ ಬಂದಿಳಿದು, "ಇದು ಯಾರ ಮನೆ? ಚೆಂದ ಉಂಟು," ಎಂದರು.

ಅಪ್ಪಚ್ಚನ್ ಬಾಯಿಗೆ ಹೋಗುವುದೆಲ್ಲ ಅಮ್ಮಚ್ಚಿಯ ಕೈಯಿಂದಲೇ ಹೋಗಬೇಕು, ಅದು ಆ ಮನೆಯ ಕಾನೂನು. ಮಾತ್ರೆಯೂ ಅವರ ಸುಪರ್ದಿಗೆ ಹೋಯಿತು. ಬೆಳಿಗ್ಗೆ ಗಂಜಿಯ ಹೊತ್ತಿಗೆ ನಾನು ಶಾಲೆಯ ದಾರಿಯಲ್ಲಿರುತ್ತಿದ್ದೆ, ಸೆಬಾಸ್ಟ್ಯನ್ ರಬ್ಬರ್ ಶೀಟು ಒತ್ತುವ ರೋಲರ್ ತಿರುಗಿಸುತ್ತಿರುತ್ತಿದ್ದ.

ನಾನು ಬೀಡಿಯ ಕೆಲಸಕ್ಕೆ ಕೈಹಾಕಿದೆ. ಅಪ್ಪಚ್ಚನ್‌ಗೆ ಬೀಡಿ ಸೇದಿದ್ದೂ ನೆನಪಿರದ ಕಾರಣ, "ಈಗ ತಾನೇ ಸೇದಿದ್ರಲ್ಲ," ಎಂದರೆ ನಂಬಿ ಸುಮ್ಮನಾಗುತ್ತಿದ್ದರು. ಮರೆವಿನಿಂದ ಆದ ಏಕೈಕ ಲಾಭ ಅದು.

ಮುಂದಿನ ಸಲ ಪುತ್ತೂರಿಗೆ ಹೋದಾಗ ಪ್ರೆಶರ್ ಇಳಿದಿತ್ತು. ನಾನು ಜೀಪಿನಲ್ಲಿ ಹಾಡು ಹೇಳಿದೆ. ಅದರ ಮುಂದಿನ ಸಲ ಹೋದಾಗ ಗಗನಕ್ಕೇರಿತ್ತು. ಡಾಕ್ಟರು ತಮ್ಮ ಯಂತ್ರವನ್ನೇ ಕುಟ್ಟಿ ನೋಡಿದರು. ಮತ್ತೊಮ್ಮೆ ಸರಿ, ಮತ್ತೊಮ್ಮೆ ಕೆಟ್ಟದ್ದು.

"ಮಾತ್ರೆ ಸರಿಯಾಗಿ ಕೊಡ್ತೀರಾ ಅಮ್ಮಾ?"

"ಒಂದೂ ತಪ್ಪಿಸುದಿಲ್ಲ," ಎಂದರು ಅಮ್ಮಚ್ಚಿ. ಸುಳ್ಳು ಹೇಳುವ ಹೆಂಗಸಲ್ಲ ಅವರು. ಕೋಳಿ ಮೊಟ್ಟೆ ಇಟ್ಟ ವಿಷಯವನ್ನೂ ಪಾಪನಿವೇದನೆಯ ಕುಂಪಸಾರದಲ್ಲಿ ಪಾದ್ರಿಗೆ ಹೇಳುವ ಜಾತಿ.

ಹಾಗಾದರೆ ಉಪ್ಪು. ನಾನು ಒಣಮೀನಿನ ಮೇಲೆ ಯುದ್ಧ ಸಾರಿದೆ. ಅಟ್ಟದ ಮೇಲಿನ ಭರಣಿ ಇಳಿಸಿದೆ, ಮಾವಿನಮಿಡಿ ಉಪ್ಪಿನಕಾಯಿಯನ್ನು ದನದ ಹಟ್ಟಿಯ ಹಿಂದೆ ಹೂತೆ, ಅಡಿಗೆಮನೆಯಲ್ಲಿ ಪೊಲೀಸಿನವಳ ಹಾಗೆ ಓಡಾಡಿದೆ. ಅಲಿ ಕುಂಞಿ ಕದ್ದು ಬೀಡಿ ಕೊಡುತ್ತಾನೆ ಎಂಬ ಸಂಶಯದಿಂದ ಅವನ ಜೇಬಿಗೂ ಕೈ ಹಾಕಿದೆ. "ಟೀಚರೇ, ಕಸ್ಟಮ್ಸ್‌ನವರೂ ಇಷ್ಟು ಹುಡುಕುದಿಲ್ಲ," ಎಂದ ಅವನು.

ಸೆಪ್ಟೆಂಬರಿನಲ್ಲಿ ಅಪ್ಪಚ್ಚನ್ ಮೂರನೆಯ ಮೆಟ್ಟಿಲು ಇಳಿದರು. ಬೆಳಿಗ್ಗೆ ಎದ್ದಾಗ ಬಾಯಿ ಒಂದು ಬದಿಗೆ ಸ್ವಲ್ಪ ವಾಲಿತ್ತು, ಎಡಗೈ ಸೋತಿತ್ತು. ಕೈ ವಾರದೊಳಗೆ ಸುಧಾರಿಸಿತು. ಆದರೆ ಸೆಬಾಸ್ಟ್ಯನನ್ನು ನೋಡಿ, "ನೀನು ಸ್ಕರಿಯನ ಮಗನಾ?" ಎಂದು ಕೇಳಿದರು. ಸ್ಕರಿಯ ಅವರ ಅಣ್ಣ, ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಕೈ ಬಂದ ಕೂಡಲೇ ಕತ್ತಿ ಹಿಡಿದು ಕೆಳಗಿನ ತೋಟಕ್ಕೆ ಹೋದರು. ಗೇಟಿನ ಬದಿಯ ಸಾಲಿನಲ್ಲಿ ಗೆರೆಗಳು ಕಂದಾಗಲು ಶುರುವಾದವು. ಸೆಬಾಸ್ಟ್ಯನ್ ಮರದ ವ್ಯಾಪಾರಿಗೆ ಹೇಳಿ ಕಳುಹಿಸಿದ.

ಮತ್ತೆ ಪುತ್ತೂರಿಗೆ ಹೋದಾಗ ಡಾಕ್ಟರು ಪ್ರಶ್ನೆಯನ್ನೇ ಕೇಳಲಿಲ್ಲ. "ಔಷಧಿ ಕೆಲಸ ಮಾಡ್ತಾ ಇಲ್ಲ," ಎಂದಷ್ಟೇ ಹೇಳಿ ಕನ್ನಡಕ ಒರೆಸಿದರು. ನನಗೆ ಅವರ ಮೇಲೆ, ಮಾತ್ರೆಯ ಮೇಲೆ, ಒಣಮೀನಿನ ಮೇಲೆ, ದೇವರ ಮೇಲೆ ಒಟ್ಟಿಗೆ ಸಿಟ್ಟು ಬಂತು.

ಹೀಗಿರುವಾಗ ದಸರಾ ರಜೆ ಬಂತು. ಮೊದಲ ದಿನ ಬೆಳಿಗ್ಗೆ ನಾನು ಮನೆಯಲ್ಲೇ ಇದ್ದೆ. ಅಮ್ಮಚ್ಚಿ ಹಸುವಿಗೆ ಹಿಂಡಿ ಕಲಸುತ್ತಿದ್ದರು, ಅಪ್ಪಚ್ಚನ್ ಗಂಜಿ ಮುಗಿಸಿ ಕೂತಿದ್ದರು. ನಾನೇ ಮಾತ್ರೆಯ ಡಬ್ಬಿ ತೆಗೆದು, ಒಂದನ್ನು ಅಂಗೈಯಲ್ಲಿಟ್ಟು ನೀರು ಹಿಡಿದು ಹೋದೆ. ಅಮ್ಮಚ್ಚಿ ಹಿಂಡಿಯ ಕೈಯಲ್ಲೇ ಓಡಿ ಬಂದು ನನ್ನ ಮಣಿಕಟ್ಟು ಹಿಡಿದರು.

"ಇವತ್ತು ಬೇಡ ಮೋಳೇ. ನಿನ್ನೆ ಕೊಟ್ಟಾಗಿದೆ."

"ನಿನ್ನೆಯದ್ದು ನಿನ್ನೆಗೆ. ಇವತ್ತಿನದ್ದು?"

"ಇವತ್ತು ರಜೆ." ಅಮ್ಮಚ್ಚಿ ನನ್ನನ್ನು ದಡ್ಡ ಮಗುವನ್ನು ನೋಡಿದ ಹಾಗೆ ನೋಡಿದರು. "ದಿನಾ ಕೊಟ್ರೆ ಮೈ ಒಣಗುದಿಲ್ವಾ?"

ನಾನು ನೀರಿನ ಲೋಟ ಹಿಡಿದು ನಿಂತೇ ಇದ್ದೆ. ಅಮ್ಮಚ್ಚಿ ವಿವರಿಸಿದರು. ಮಾತ್ರೆ ಶುರು ಮಾಡಿದ ವಾರ ಅಪ್ಪಚ್ಚನ್‌ಗೆ ಮೂತ್ರ ಬಹಳ ಹೋಗುತ್ತಿತ್ತಂತೆ, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತಂತೆ. ಅಂದರೆ ಮಾತ್ರೆ ಮೈಯೊಳಗಿನಿಂದ ಎಂತದೋ ಹರಿಸಿ ತೆಗೆಯುತ್ತದೆ. ಹರಿಸಿ ತೆಗೆಯುವುದು ಒಳ್ಳೆಯದೇ, ಆದರೆ ದಿನವೂ ತೆಗೆದರೆ ಎಂತ ಆಗುತ್ತದೆ ಎಂದು ಈ ಗುಡ್ಡದಲ್ಲಿ ಯಾರಿಗೆ ಗೊತ್ತಿಲ್ಲ? ಹಾಗಾಗಿ ಒಂದು ದಿನ ಮಾತ್ರೆ, ಒಂದು ದಿನ ರಜೆ. ಆಸ್ಪಿರಿನ್ ಚೂರಿಗೂ ಅದೇ. ಒಂದನ್ನೂ ತಪ್ಪಿಸಿರಲಿಲ್ಲ ಅಮ್ಮಚ್ಚಿ. ಮಳೆಗಾಲದಲ್ಲಿ ಟ್ಯಾಪಿಂಗ್ ನಿಂತ ದಿನಗಳಲ್ಲಿ ಮಾತ್ರೆಯನ್ನೂ ನಿಲ್ಲಿಸಿದ್ದರು.

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂತೋಷ. ಔಷಧಿ ಸೋತಿರಲಿಲ್ಲ. ಔಷಧಿಯನ್ನು ನಾವು ಇನ್ನೂ ಕೊಟ್ಟೇ ನೋಡಿರಲಿಲ್ಲ. ಪ್ರೆಶರ್ ಯಾಕೆ ಕುಣಿಯುತ್ತಿತ್ತು ಎಂದು ಈಗ ಗೊತ್ತಾಯಿತು: ನಾವು ಪುತ್ತೂರಿಗೆ ಹೋದದ್ದು ಒಮ್ಮೆ ಮಾತ್ರೆಯ ದಿನ, ಒಮ್ಮೆ ರಜೆಯ ದಿನ. ರಜೆ ಬೇಕಾದ ಮರಕ್ಕೆ ಅಪ್ಪಚ್ಚನ್ ರಜೆ ಕೊಡಲಿಲ್ಲ, ರಜೆ ಬೇಡದ ಅಪ್ಪಚ್ಚನ್‌ಗೆ ಅಮ್ಮಚ್ಚಿ ಕೊಟ್ಟುಬಿಟ್ಟರು. ನಾನು ಅಂಗಳಕ್ಕೆ ಓಡಿ ರೋಲರ್ ತಿರುಗಿಸುತ್ತಿದ್ದ ಸೆಬಾಸ್ಟ್ಯನ್‌ಗೆ ಹೇಳಿದೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ಅವನಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

ಆದರೆ ಅಮ್ಮಚ್ಚಿ ಒಪ್ಪಬೇಕಲ್ಲ. ನಾನು ಕೂಗಾಡಿದೆ. ಅವರು ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡರು. ಅವರ ಗಂಡ, ಅವರ ಡಬ್ಬಿ. ಕಸಿದುಕೊಂಡು ಕೊಡಬಹುದಿತ್ತು, ಆದರೆ ಅಪ್ಪಚ್ಚನ್ ಬೇರೆ ಯಾರು ಕೊಟ್ಟರೂ ಉಗಿದುಬಿಡುತ್ತಿದ್ದರು.

ಅಲಿ ಕುಂಞಿಯ ಜೀಪಿನಲ್ಲಿ ಅಮ್ಮಚ್ಚಿಯನ್ನೇ ಪುತ್ತೂರಿಗೆ ಕರೆದುಕೊಂಡು ಹೋದೆ. ವಿಷಯ ಕೇಳಿ ಡಾಕ್ಟರು ಕುರ್ಚಿಯಿಂದ ಹಾರಿದರು, ಕನ್ನಡಕ ತೆಗೆದಿಟ್ಟು ನಕ್ಕರು, ಆಮೇಲೆ ಗಂಭೀರರಾಗಿ ಅಮ್ಮಚ್ಚಿಯ ಎದುರು ಸ್ಟೂಲು ಎಳೆದು ಕೂತರು.

"ತಪ್ಪು ನನ್ನದು ಅಮ್ಮ. ದಿನಾ ಕೊಡಿ ಅಂದೆ, ಯಾಕೆ ಅಂತ ಹೇಳಲಿಲ್ಲ." ನಳ್ಳಿ, ಪೈಪು, ಪಂಪು ಎಂದು ಚಿತ್ರ ಬರೆದು ತೋರಿಸಿದರು. ಅಮ್ಮಚ್ಚಿ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು.

ವಾಪಸು ಬರುವಾಗ ಜೀಪಿನಲ್ಲಿ ಅವರು ಹೇಳಿದ್ದು ಇಷ್ಟು: "ಒಳ್ಳೆ ಹುಡುಗ. ಪಾಪ, ರಬ್ಬರ್ ಗೊತ್ತಿಲ್ಲ."

ಮನೆಗೆ ಬಂದಾಗ ಹನಿ ಮಳೆ. ಸೆಬಾಸ್ಟ್ಯನ್ ಕೆಳಗಿನ ತೋಟದ ಮರಗಳಿಗೆ ಸಡಿಲವಾಗಿದ್ದ ಪ್ಲಾಸ್ಟಿಕ್ ಲಂಗಗಳನ್ನು ಬಿಗಿ ಮಾಡುತ್ತಿದ್ದ. ಕೆತ್ತಿದ ಗೆರೆಗೆ ಮಳೆನೀರು ಇಳಿದು ಕೊಳೆಯದ ಹಾಗೆ ಅದರ ಮೇಲೆ ಸುತ್ತ ಲಂಗದಂತೆ ಪ್ಲಾಸ್ಟಿಕ್ ಕಟ್ಟುತ್ತೇವೆ. ನಾನು ಪುತ್ತೂರಿನ ಕತೆ ಹೇಳಿ ತಲೆ ಚಚ್ಚಿಕೊಂಡೆ. ಅವನು ಕೈಯಲ್ಲಿದ್ದ ಲಂಗವನ್ನು ಬಿಗಿದು ಮುಗಿಸಿದ. ಆಮೇಲೆ ಅಮ್ಮಚ್ಚಿಯನ್ನು ಕರೆದ.

"ಅಮ್ಮಚ್ಚೀ, ಈ ಪ್ಲಾಸ್ಟಿಕನ್ನು ಇನ್ನು ದಿನ ಬಿಟ್ಟು ದಿನ ಕಟ್ಟುವ. ಮರಕ್ಕೂ ಸ್ವಲ್ಪ ಗಾಳಿಯಾಡಲಿ."

"ನಿನಗೆಂತ ಹುಚ್ಚಾ? ಬಿಚ್ಚಿದ ದಿನ ಮಳೆ ಬಂದ್ರೆ?"

"ಬಂದ್ರೆ ಎಂತ ಆಗ್ತದೆ?"

"ನೀರಿಳಿದು ಕೊಳೀತದೆ. ಒಂದು ದಿನ ಸಾಕು ಕೊಳೀಲಿಕ್ಕೆ."

"ಡಾಕ್ಟ್ರು ಕೊಟ್ಟದ್ದು ಕತ್ತಿ ಅಲ್ಲ, ಅಮ್ಮಚ್ಚಿ. ಇದು," ಎಂದು ಸೆಬಾಸ್ಟ್ಯನ್ ಪ್ಲಾಸ್ಟಿಕಿನ ಅಂಚನ್ನು ಎಳೆದು ತೋರಿಸಿದ.

ಅಮ್ಮಚ್ಚಿ ಮರಕ್ಕೆ ಕೈ ಊರಿ ನಿಂತರು. ಸೆರಗಿನ ಗಂಟು ಬಿಚ್ಚಿ ಡಬ್ಬಿ ತೆಗೆದು ನೋಡಿದರು. ಆಮೇಲೆ ಒದ್ದೆ ಎಲೆಗಳ ಮೇಲೆಯೇ ಕೂತುಬಿಟ್ಟರು.

"ಹಾಗಾದ್ರೆ ಸೆಪ್ಟೆಂಬರಿನದ್ದು ನನ್ನಿಂದ ಆದದ್ದಾ ಮೋನೇ?"

"ಮಳೆ ನೀವು ತರಿಸಿದ್ದಾ?" ಎಂದು ಕೇಳಿದ ಸೆಬಾಸ್ಟ್ಯನ್. ಮದುವೆಯಾದಂದಿನಿಂದ ಅವನು ಆಡಿದ ಮಾತುಗಳಲ್ಲಿ ನನಗೆ ತೀರಾ ಇಷ್ಟವಾದದ್ದು ಅದು. ಅಮ್ಮಚ್ಚಿಯನ್ನು ನಾವಿಬ್ಬರೂ ಹಿಡಿದೆಬ್ಬಿಸಿದೆವು. ಮನೆಗೆ ಹೋದವರೇ ಅವರು ಮೊದಲು ಮಾಡಿದ ಕೆಲಸ ಆ ದಿನದ ಮಾತ್ರೆ ಕೊಟ್ಟದ್ದು. ಮೊದಲಿನ ಹಾಗೆ ಕಣ್ಣು ಕತ್ತಲೆ ಬಾರದಿರಲೆಂದು ಅಪ್ಪಚ್ಚನನ್ನು ನಿಧಾನ ಎಬ್ಬಿಸಿ, ತೋಳು ಹಿಡಿದು ನಡೆಸಲು ಶುರು ಮಾಡಿದರು.

ಅಂದಿನಿಂದ ಬೆಳಿಗ್ಗೆ ಮಾತ್ರೆ ಕೊಡುವಾಗಲೆಲ್ಲ ಅಮ್ಮಚ್ಚಿ ಅದನ್ನೊಂದು ಪ್ರಾರ್ಥನೆಯ ಹಾಗೆ ಹೇಳುತ್ತಿದ್ದರು: "ತಗೊಳ್ಳಿ. ರಜೆ ಮರಕ್ಕೆ, ನಿಮಗಲ್ಲ." ಅಪ್ಪಚ್ಚನ್ ಬಾಯಿ ತೆರೆಯುತ್ತಿದ್ದರು. ಕೇಳಿಸಿಕೊಂಡರೋ ಇಲ್ಲವೋ ಯಾರಿಗೆ ಗೊತ್ತು.

ನವೆಂಬರಿನಲ್ಲಿ ಪುತ್ತೂರಿಗೆ ಹೋದಾಗ ಪ್ರೆಶರ್ ಕೆಳಗಿತ್ತು. ಇನ್ನೊಮ್ಮೆ ಹೋದಾಗಲೂ ಕೆಳಗೇ. ಡಾಕ್ಟರು ತೋಳಿಗೆ ಪಟ್ಟಿಯನ್ನು ಎರಡೆರಡು ಸಲ ಕಟ್ಟಿ ನೋಡಿದರು, ಮತ್ತೆ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. "ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ ಟೀಚರೇ," ಎಂದು ಹೇಳುವಾಗ ಅವರ ಮುಖದಲ್ಲೇ ಆಸೆ ತುಂಬಿ ತುಳುಕುತ್ತಿತ್ತು.

ಮನೆಯಲ್ಲಿ ನಾವೆಲ್ಲ ಪತ್ತೇದಾರರಾದೆವು. ಅಪ್ಪಚ್ಚನ್ ಅಂಗಿಯ ಗುಂಡಿಯನ್ನು ಸರಿಯಾದ ತೂತಿಗೆ ಹಾಕಿದರೆ ಅಮ್ಮಚ್ಚಿ ನನಗೆ ಕಣ್ಣು ಮಿಟುಕಿಸುತ್ತಿದ್ದರು. ಒಂದು ಸಂಜೆ ಕೊಂತ, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುವಾಗ ಜಪಮಣಿ ಹಿಡಿದ ಅಪ್ಪಚ್ಚನ್ ನಾನು ತಪ್ಪಿಸಿದ ಒಂದು ಪ್ರಾರ್ಥನೆಯನ್ನು ಎತ್ತಿ ಹೇಳಿದರು. ಇನ್ನೊಂದು ದಿನ ಅಲಿ ಕುಂಞಿ ಬಂದಾಗ, "ನಿನ್ನ ಜೀಪಿನ ಸೈಲೆನ್ಸರ್ ಸರಿ ಮಾಡಿಸಿದ್ಯಾ?" ಎಂದು ಕೇಳಿದರು. ಅದು ಹಿಂದಿನ ವಾರ ಕೆಟ್ಟಿತ್ತು. ಅಲಿ ಕುಂಞಿ ಆ ದಿನ ಬಾಡಿಗೆಯನ್ನೇ ಮರೆತು ಹೋದ. ಎಲ್ಲವೂ ವಾಪಸು ಬಂತು ಎಂದರೆ ಸುಳ್ಳಾಗುತ್ತದೆ. ಸ್ಕರಿಯ ಊಟಕ್ಕೆ ಯಾಕೆ ಬರಲಿಲ್ಲ ಎಂದು ಆಗಾಗ ಕೇಳುತ್ತಿದ್ದರು. ಆದರೆ ಹೊಸದಾಗಿ ಏನೂ ಹೋಗಲಿಲ್ಲ.

ಕೆಳಗಿನ ತೋಟದ ವಿಷಯ ಮಾತ್ರ ಹಾಗೇ ಉಳಿದಿತ್ತು. ಬೆಳಿಗ್ಗೆ ಎದ್ದರೆ ಕಾಲು ಅಲ್ಲಿಗೇ. ರಜೆಯ ದಿನ ಸೆಬಾಸ್ಟ್ಯನ್ ಮುಂದೆ ಹೋಗಿ, ಕೈ ಹಿಡಿದು ಮೇಲಿನ ತೋಟಕ್ಕೆ ತಿರುಗಿಸಬೇಕು. ಈಗ ತಿರುಗಿಸಿದರೆ ಬರುತ್ತಿದ್ದರು, ಮೊದಲು ಅದೂ ಇರಲಿಲ್ಲ. ತಾನಾಗಿ ತಿರುಗುತ್ತಿರಲಿಲ್ಲ.

ಕ್ರಿಸ್ಮಸ್ ಹತ್ತಿರ ಬಂತು. ಹಬ್ಬಕ್ಕೆ ಮುಂಚಿನ ನಮ್ಮ ಇಪ್ಪತ್ತೈದು ದಿನಗಳ ಉಪವಾಸ ನಡೆಯುತ್ತಿತ್ತು, ಮನೆಯಲ್ಲಿ ಮೀನು ಮಾಂಸ ಇಲ್ಲ, ಒಣಮೀನಿನ ಯುದ್ಧಕ್ಕೂ ವಿರಾಮ. ಮರದ ವ್ಯಾಪಾರಿ ಬಂದು ಕೆಳಗಿನ ತೋಟಕ್ಕೆ ಒಂದು ಸುತ್ತು ಹಾಕಿ, ಹಬ್ಬ ಕಳೆದು ಬರುತ್ತೇನೆ ಎಂದು ಹೇಳಿಹೋದ. ಅವನು ಹೋದ ಮೇಲೆ ಅಮ್ಮಚ್ಚಿ ಮಗನ ಎದುರು ನಿಂತರು.

"ನಾಳೆ ಕೆಳಗಿನದಕ್ಕೆ ರಜೆ ಅಲ್ವಾ? ನಾಳೆ ನೀನು ಕೈ ಹಿಡಿಯಬೇಡ. ನೋಡುವ."

"ಕೆತ್ತಿದ್ರೆ?"

"ಕೆತ್ತಿದ್ರೆ ವ್ಯಾಪಾರಿಗೆ ಕೊಡು. ನಾನು ಮಾತಾಡುದಿಲ್ಲ."

ಮರುದಿನ ಬೆಳಕು ಹರಿಯುವಾಗ ಅಪ್ಪಚ್ಚನ್ ಕತ್ತಿ, ಬುಟ್ಟಿ ಹಿಡಿದು ಹೊರಟರು. ಸ್ವಲ್ಪ ಹಿಂದೆ ನಾವು ಮೂವರು. ಹಲಸಿನ ಮರದ ಹತ್ತಿರ ದಾರಿ ಎರಡಾಗುತ್ತದೆ. ಅಲ್ಲಿ ಅವರು ನಿಲ್ಲಲೂ ಇಲ್ಲ, ಸೀದಾ ಕೆಳಗಿಳಿದರು. ಅಮ್ಮಚ್ಚಿ ನನ್ನ ಕೈಯನ್ನು ನೋಯುವ ಹಾಗೆ ಹಿಡಿದುಕೊಂಡರು. ಸೆಬಾಸ್ಟ್ಯನ್ ಒಂದು ಹೆಜ್ಜೆ ಮುಂದಿಟ್ಟ, ಅಮ್ಮಚ್ಚಿ ಇನ್ನೊಂದು ಕೈಯಿಂದ ಅವನ ಅಂಗಿ ಎಳೆದರು.

ಅಪ್ಪಚ್ಚನ್ ಮೊದಲನೆಯ ಮರದ ಎದುರು ಬುಟ್ಟಿ ಇಟ್ಟರು. ಕತ್ತಿಯ ಬಾಯನ್ನು ಹೆಬ್ಬೆರಳಿಂದ ಸವರಿದರು. ನಿನ್ನೆಯ ಗೆರೆಯಲ್ಲಿ ಹಾಲು ಒಣಗಿ ಅಂಟಿಕೊಂಡಿದ್ದ ಪಟ್ಟಿಯ ತುದಿಯನ್ನು ಎತ್ತಿದರು. ಅದು ಇನ್ನೂ ಮೆತ್ತಗೆ, ಬಿಳಿ ಇತ್ತು, ಒಂದೇ ದಿನದ್ದು ಎಂಬುದಕ್ಕೆ ಗುರುತು. ದಿನವೂ ಅದನ್ನು ಕಿತ್ತು ಬುಟ್ಟಿಗೆ ಹಾಕಿ ಕತ್ತಿ ಇಡುತ್ತಿದ್ದರು. ಈ ದಿನ ಎಳೆದು ನೋಡಿದರು, ಮೂಸಿ ನೋಡಿದರು. ನಿಂತರು. ಆ ನಿಂತ ಹೊತ್ತಿನಷ್ಟು ಉದ್ದದ ಹೊತ್ತು ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಅಪ್ಪಚ್ಚನ್ ಪಟ್ಟಿಯನ್ನು ವಾಪಸು ಗೆರೆಯ ಮೇಲೆ ಹೆಬ್ಬೆರಳಿಂದ ಒತ್ತಿ ಕೂರಿಸಿದರು. ಮರದ ಬೆನ್ನನ್ನು ಹಸುವಿನ ಬೆನ್ನು ತಟ್ಟಿದ ಹಾಗೆ ತಟ್ಟಿದರು. ಬುಟ್ಟಿ ಎತ್ತಿಕೊಂಡು ತಿರುಗಿದಾಗ ನಾವು ಮೂವರು ಹಲಸಿನ ಬುಡದಲ್ಲಿ ಕಳ್ಳರ ಹಾಗೆ ನಿಂತಿದ್ದೆವು.

"ಎಂತ ನೋಡುದು?" ಎಂದು ಸೆಬಾಸ್ಟ್ಯನ್‌ಗೆ ಗದರಿದರು. "ಇದನ್ನು ನಿನ್ನೆ ಕೆತ್ತಿ ಆಗಿದೆ. ಬಾ, ಮೇಲಿನದಕ್ಕೆ ಹೊತ್ತಾಯ್ತು."

ಮೇಲಿನದಕ್ಕೆ. ಅವರ ಬಾಯಿಯಿಂದ ಆ ಮಾತು ಎಲೆ ಉದುರುವ ಕಾಲದಿಂದ ಬಂದಿರಲಿಲ್ಲ. ನೆನಪಾಯಿತೋ, ಅಥವಾ ಮರವನ್ನು ನೋಡಿ ಓದಿಕೊಂಡರೋ, ನನಗೆ ಗೊತ್ತಿಲ್ಲ. ನಿನ್ನೆಯವರೆಗೆ ಎರಡೂ ಆಗುತ್ತಿರಲಿಲ್ಲ. ಸೆಬಾಸ್ಟ್ಯನ್ ಅಪ್ಪನ ಹಿಂದೆ ಗುಡ್ಡ ಹತ್ತಿದ, ತಿರುಗಿಯೂ ನೋಡದೆ, ಮುಖ ತೋರಿಸಲಾಗದೆ.

ನಾನು ಮತ್ತು ಅಮ್ಮಚ್ಚಿ ಮನೆಗೆ ಓಡಿದೆವು. ಅಮ್ಮಚ್ಚಿ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಉಪವಾಸವಾದರೂ ಅವರು ಬೆಲ್ಲ, ಕಾಯಿ ತುರಿದು ಅಡೆ ಬೇಯಿಸಲು ಕೂತರು. ನಾನು ರಸ್ತೆಗೆ ಇಳಿದು ಅಲಿ ಕುಂಞಿಯ ಜೀಪು ನಿಲ್ಲಿಸಿ ಸುದ್ದಿ ಹೇಳಿದೆ. ಅವನು ಪ್ಯಾಸೆಂಜರುಗಳನ್ನು ಜೀಪಿನಲ್ಲೇ ಬಿಟ್ಟು ಅಂಗಳಕ್ಕೆ ಬಂದು ನಿಂತ. ಪಕ್ಕದ ಮನೆಯ ಗೋದಾವರಿಯಕ್ಕ ಬೇಲಿಯಿಂದಲೇ ಎಲ್ಲ ಕೇಳಿಸಿಕೊಂಡು, ಬಾಳೆಗೊನೆಯಿಂದ ಒಂದು ಚಿಪ್ಪು ಮುರಿದು ತಂದರು. ಮನೆ ತುಂಬ ಮಾತು, ಎಲ್ಲರದ್ದೂ ಒಟ್ಟಿಗೆ.

ಅಪ್ಪಚ್ಚನ್ ಮೇಲಿನ ತೋಟ ಮುಗಿಸಿ ಬಂದು ಕೈಕಾಲು ತೊಳೆದು ಕೂತರು. ಇಷ್ಟು ಜನ ಯಾಕೆ ಸೇರಿದ್ದಾರೆ ಎಂದು ಅವರಿಗೆ ಅರ್ಥವಾಗಲಿಲ್ಲ. ಅಮ್ಮಚ್ಚಿ ಗಂಜಿ ಬಡಿಸಿದರು, ಅಡೆ ಬಡಿಸಿದರು, ಮಧ್ಯೆ ಮಧ್ಯೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಸೆಬಾಸ್ಟ್ಯನ್, ವ್ಯಾಪಾರಿಗೆ ಬರಬೇಡ ಎಂದು ಹೇಳಿಬಿಡು ಎಂದು ಅಲಿ ಕುಂಞಿಗೆ ಹೇಳುತ್ತಿದ್ದ. ನಾನು ಮರದ ಎದುರಿನ ಆ ಹೊತ್ತನ್ನು ಗೋದಾವರಿಯಕ್ಕನಿಗೆ ಎರಡನೆಯ ಸಲ ವರ್ಣಿಸುತ್ತಿದ್ದೆ.

ಅಪ್ಪಚ್ಚನ್ ಗಂಜಿ ಕುಡಿದು ಮುಗಿಸಿದರು. ಬಟ್ಟಲು ಆಚೆ ಸರಿಸಿದರು. ಯಾರೂ ನೋಡಲಿಲ್ಲ. ಮೇಜಿನ ಮೇಲೆ ಎರಡು ಸಲ ಬೆರಳಿಂದ ತಟ್ಟಿದರು. ಆಮೇಲೆ ಅಂಗೈ ಚಾಚಿದರು, ಕತ್ತಿ ಹಿಡಿದು ಹಿಡಿದು ಗಂಟು ಕಟ್ಟಿದ ಅದೇ ಅಂಗೈ.

"ರೋಸಮ್ಮಾ, ನನ್ನ ಮಾತ್ರೆ ಎಲ್ಲಿ?"

ನಾವು ಐದೂ ಜನ ಮುಖ ಮುಖ ನೋಡಿಕೊಂಡೆವು. ಯಾರಿಗೂ ನೆನಪಿರಲಿಲ್ಲ.

"ರಜೆ ಮರಕ್ಕೆ," ಎಂದರು ಅಪ್ಪಚ್ಚನ್, ಕೈ ಹಾಗೇ ಚಾಚಿಕೊಂಡು. "ನನಗೆ ಎಂತ ರಜೆ? ಕೊಡು."